ಪರದೇಶದಲ್ಲಿ ನೋಮಿನ ಕಜ್ಜಾಯ ಮಾಡುವ ಬಗೆ

ಕೋಲಾರದಿಂದ ಚಿಕಾಗೋಗೆ ಬಂದ ಮೊದಲ ವರ್ಷ ದಸರೆಯ ಗೊಂಬೆ, ಆಯುಧಪೂಜೆ, ದೀಪಾವಳಿ ಎಲ್ಲವನ್ನೂ ಊರಿನಂತೆಯೇ ನಡೆಸಲು ಹೊರಟು, ಒಂದನ್ನೂ ನೆಟ್ಟಗೆ ಮಾಡಲಾಗದೆ ಬೇಸರಪಟ್ಟುಕೊಂಡೆ. ಆಮೇಲೆ ದೀಪಾವಳಿಯ ಅಮಾವಾಸ್ಯೆಯಂದು ಮಾಡುವ ಶಿವನ ವ್ರತವಾದ ಕೇದಾರೇಶ್ವರ ನೋಮನ್ನೂ ಅದಕ್ಕೆ ಬೇಕಾದ, ಅಕ್ಕಿ ಬೆಲ್ಲದ 21 ಕಜ್ಜಾಯಗಳನ್ನೂ ಮಾತ್ರ ಬಿಡದೆ ಹಿಡಿದುಕೊಂಡಿದ್ದೇನೆ. ನಮ್ಮ ಕಡೆ ತೆಲುಗಿನ ಮನೆಗಳಲ್ಲಿ ಅರಿಸೆಲು ಎಂದೂ ತಮಿಳಿನ ಮನೆಗಳಲ್ಲಿ ಅದಿರಸಂ ಎಂದೂ ಕರೆಯುವ ಈ ತಿಂಡಿ ಹೊರದೇಶದಲ್ಲಿ ಕೆಡುವುದು ಹೆಚ್ಚಾಗಿ ಹಿಟ್ಟಿನ ಪಸೆಯ ವಿಷಯದಲ್ಲಿ.

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ನವೆಂಬರ್ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಹಿಂದಕ್ಕಿಟ್ಟ ಮೇಲೆ ಚಿಕಾಗೋ ಭಾರತಕ್ಕಿಂತ 11 ಗಂಟೆ 30 ನಿಮಿಷ ಹಿಂದಿರುವುದರಿಂದ, ಊರಿನಲ್ಲಿ ಸಂಜೆ ಅಮಾವಾಸ್ಯೆ ಇರುವ ತಾರೀಖೇ ಇಲ್ಲಿಯೂ ಇರಬೇಕೆಂದಿಲ್ಲ. ನೀವಿರುವ ಊರಿಗೆ ಗುಣಿಸಿದ ಪಂಚಾಂಗವನ್ನು ನೋಡಿ, ಅಲ್ಲಿಂದ ನಾಲ್ಕು ದಿನ ಹಿಂದಕ್ಕೆ ಎಣಿಸಿ ಅಕ್ಕಿ ನೆನೆಹಾಕಿ.

ಅಕ್ಕಿ ಹಳೆಯದಾಗಿರಬೇಕು, ಸೋನಾ ಮಸೂರಿ ಆದೀತು, ಬಾಸ್ಮತಿಯಾಗಲಿ ಕುಸುಬಲಕ್ಕಿಯಾಗಲಿ ಬೇಡ. ಒಂದು ದಿನ ನೆನೆಸಿ, ನಡುವೆ ಎರಡು ಬಾರಿ ನೀರು ಬದಲಿಸಿ, ಬಸಿದು, ಹತ್ತಿಯ ಬಟ್ಟೆಯ ಮೇಲೆ ಹರಡಿ. ಊರಿನಲ್ಲಿ ಅಮ್ಮ ನಡುಮನೆಯ ನೆರಳಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆರಲು ಬಿಡುತ್ತಿದ್ದರು. ಇಲ್ಲಿ ಹೀಟರಿನ ಒಣಗಾಳಿಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಕಾಳು ಕಲ್ಲಾಗುತ್ತದೆ. ಆದ್ದರಿಂದ ಹೀಟರಿನಿಂದ ದೂರದ ಕೋಣೆಯಲ್ಲಿ ಹರಡಿ, ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿರಬೇಕು. ಕಾಳು ಕೈಗೆ ಅಂಟದೆ, ಆದರೆ ತಂಪಾಗಿ ಇರುವಾಗಲೇ ಸ್ವಲ್ಪ ಸ್ವಲ್ಪವಾಗಿ ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ಹಿಟ್ಟನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನಿಲ್ಲಬೇಕು. ಅಂಗಡಿಯ ಅಕ್ಕಿಹಿಟ್ಟು ಎಷ್ಟು ನುಣ್ಣಗಿದ್ದರೂ ಒಣಹಿಟ್ಟೇ ಆದ್ದರಿಂದ ಈ ಕೆಲಸಕ್ಕೆ ಬಾರದು. ಆ ಅಡ್ಡದಾರಿಯನ್ನು ನಾನು ಎರಡು ವರ್ಷ ಹಿಡಿದು, ಎರಡೂ ವರ್ಷ ಎಣ್ಣೆಯಲ್ಲಿ ಪುಡಿಯನ್ನು ಸೋಸಿದ್ದೇನೆ.

ನಾಲ್ಕು ಲೋಟ ಅಕ್ಕಿಗೆ ಮೂರು ಲೋಟ ಬೆಲ್ಲದ ಪುಡಿ ಸಾಕು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಮರಳು ಹೋಗುವಂತೆ ಸೋಸಿ, ಮತ್ತೆ ಕುದಿಸಿ. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟರೆ ಅದು ಕರಗದೆ ಬೆರಳಿನಲ್ಲಿ ಮೆತ್ತನೆಯ ಉಂಡೆಯಾದಾಗ ಒಲೆಯಿಂದ ಇಳಿಸಬೇಕು. ವಿದ್ಯುತ್ ಒಲೆಯನ್ನು ಆರಿಸಿದರೂ ಸುರುಳಿ ಬಿಸಿಯಾಗಿಯೇ ಉಳಿದು ಪಾಕ ಏರುತ್ತಲೇ ಇರುವುದರಿಂದ ಪಾತ್ರೆಯನ್ನೇ ಪಕ್ಕಕ್ಕೆ ಸರಿಸುವುದು ಅವಶ್ಯ. ಏಲಕ್ಕಿ, ಗಸಗಸೆ, ಒಂದು ಚಮಚ ತುಪ್ಪ ಹಾಕಿ, ಸ್ವಲ್ಪ ಹಿಟ್ಟನ್ನು ತೆಗೆದಿರಿಸಿ ಉಳಿದದ್ದನ್ನು ಉದುರಿಸುತ್ತ ಕಲಸಿ, ಮುಚ್ಚಿ, ಒಂದು ರಾತ್ರಿಯಾದರೂ ಇಡಿ. ಎರಡು ರಾತ್ರಿಯಾದರೆ ಇನ್ನೂ ಮೇಲು.

ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಕಾದ ಎಣ್ಣೆಯಲ್ಲಿ ಕರಿದು, ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸಬೇಕು. ಮೊದಲು ಒಂದನ್ನೇ ಬಿಟ್ಟು ನೋಡಿ: ಒಡೆದರೆ ಪಾಕ ಎಳೆಯದು ಎಂದು ತಿಳಿದು, ತೆಗೆದಿರಿಸಿದ ಹಿಟ್ಟಿನಲ್ಲಿ ಒಂದು ಹಿಡಿ ಸೇರಿಸಿ, ಗಡುಸಾದರೆ ಪಾಕ ಏರಿದೆ, ಬೆಚ್ಚಗಿನ ಹಾಲು ಚಿಮುಕಿಸಿ ನಾದಿ. ಕಿಟಕಿ ತೆರೆದಿರಲಿ, ಇಲ್ಲವಾದರೆ ಸ್ಮೋಕ್ ಅಲಾರಂ ಕೂಗಿ ನೆರೆಹೊರೆಯವರೆಲ್ಲ ಹಬ್ಬಕ್ಕೆ ಬರುತ್ತಾರೆ.

ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮೊರ ಸಿಗದಿದ್ದರೆ ಹೊಸ ತಟ್ಟೆಯಲ್ಲಿ ಜೋಡಿಸಬಹುದು. ಪೂಜಿಸಿ ಕೈಗೆ ಕಟ್ಟಿಕೊಳ್ಳುವ ನೋಮುದಾರವನ್ನು ಮಾತ್ರ ಮನೆಯ ಹಿರಿಯರಿಂದ ತರಿಸಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ, ಅದಕ್ಕಾಗಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ಅಂಚೆಗೆ ಹಾಕಲು ಹೇಳಿಬಿಡಬೇಕು. ದಾರ ಬಾರದೆ ಹೋದ ವರ್ಷ ನಾನು ಅರಿಶಿನ ಹಚ್ಚಿದ ಹತ್ತಿಯ ನೂಲಿನಲ್ಲಿ 21 ಎಳೆ ಕೂಡಿಸಿ ಗಂಟು ಹಾಕುತ್ತಿರುವಾಗ, ಅಲ್ಲಿ ಬೆಳಗಿನ ಜಾವಕ್ಕೇ ಎದ್ದು ಕುಳಿತ ಅಮ್ಮ ವಿಡಿಯೊ ಕರೆಯಲ್ಲಿ ಒಂದೊಂದನ್ನೂ ಎಣಿಸಿ, ಹದಿನೇಳನೆಯದು ಸಡಿಲವಾಗಿದೆ, ಬಿಚ್ಚಿ ಮತ್ತೆ ಹಾಕು ಎಂದರು.