ಹಟ್ ತಲುಪದ ರಾತ್ರಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದು ನೆಲಸಿದ ಮೂರನೆಯ ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಫೆಬ್ರುವರಿಯಲ್ಲಿ, ನಾನು ಮತ್ತು ನನ್ನ ಭಾವಮೈದುನ ನೆಲ್ಸನ್ ಲೇಕ್ಸ್ ರಾಷ್ಟ್ರೀಯ ಉದ್ಯಾನದ ಟ್ರಾವರ್ಸ್–ಸಬೀನ್ ಸುತ್ತನ್ನು ಆರು ದಿನಗಳಲ್ಲಿ ನಡೆದು ಮುಗಿಸಿದೆವು. ಸುಮಾರು 80 ಕಿ.ಮೀ.ಗಳ ಈ ದಾರಿಯುದ್ದಕ್ಕೂ ಹಟ್‌ಗಳು, ಅಂದರೆ ನಡೆಯುವವರು ತಂಗುವ ಪುಟ್ಟ ಮನೆಗಳು, ಇರುವಾಗ ಎರಡು ಕಿಲೋ ಭಾರದ ಟೆಂಟನ್ನು ಹೊರುವುದೇಕೆ ಎಂದು ಅವನು ಹೊರಡುವ ಮೊದಲೇ ತಕರಾರು ತೆಗೆದಿದ್ದ.

ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆ 950ಕ್ಕೂ ಹೆಚ್ಚು ಹಟ್‌ಗಳನ್ನು ನೋಡಿಕೊಳ್ಳುತ್ತದೆ. ಅವುಗಳಲ್ಲಿ ಹಳೆಯವು ಎಷ್ಟೋ, ಕಾಡನ್ನು ಮೇದು ಬರಿದು ಮಾಡುತ್ತಿದ್ದ ಜಿಂಕೆಗಳನ್ನು ಕೊಲ್ಲಲು ಸರ್ಕಾರವೇ ನೇಮಿಸಿದ್ದ ಬೇಟೆಗಾರರಿಗಾಗಿ ಕಟ್ಟಿದವು. ನಮ್ಮ ದಾರಿಯ ಹಟ್‌ಗಳಲ್ಲಿ ಸಿಗುವುದು ಸಾಲು ಹಾಸಿಗೆಯ ಅಟ್ಟಣೆ, ಮಾಡಿನ ನೀರು ತುಂಬುವ ತೊಟ್ಟಿ, ಹೊರಗೊಂದು ಶೌಚಾಲಯ, ಮೈ ಕಾಯಿಸಿಕೊಳ್ಳಲು ಒಂದು ಒಲೆ, ಇಷ್ಟೇ. ಅಡುಗೆಯ ಸ್ಟವ್, ಪಾತ್ರೆ, ಸ್ಲೀಪಿಂಗ್ ಬ್ಯಾಗ್ ನಮ್ಮವೇ ಆಗಬೇಕು. ಟಿಕೆಟ್ ಇದ್ದ ಮಾತ್ರಕ್ಕೆ ಜಾಗ ಕಾದಿರುವುದಿಲ್ಲ. ಮೊದಲು ಬಂದವರಿಗೆ ಹಾಸಿಗೆ, ಕೊನೆಗೆ ಬಂದವರಿಗೆ ನೆಲ.

ಎರಡನೆಯ ರಾತ್ರಿ ಜಾನ್ ಟೇಟ್ ಹಟ್‌ನಲ್ಲಿ ತಂಗಿದೆವು. ಮನೆಯಲ್ಲೇ ಒಗ್ಗರಣೆ ಹಾಕಿ ಒಣಗಿಸಿ ತಂದಿದ್ದ ಗೊಜ್ಜವಲಕ್ಕಿಗೆ ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಹತ್ತು ನಿಮಿಷಕ್ಕೆ ಊಟ ಸಿದ್ಧವಾಗುತ್ತಿತ್ತು. ಗ್ಯಾಸ್ ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಈವರೆಗೂ ಸಿಕ್ಕಿಲ್ಲ. ಮಲಗುವ ಮೊದಲು ಅಲ್ಲಿನ ಪುಸ್ತಕದಲ್ಲಿ ನಮ್ಮ ಹೆಸರು, ಮರುದಿನದ ದಾರಿ ಎರಡನ್ನೂ ಬರೆದೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದರಲ್ಲಿ ಆ ಪುಸ್ತಕವೂ ಒಂದು.

ರಾತ್ರಿಯಿಡೀ ಮಳೆ ಸುರಿಯಿತು. ಮರುದಿನ ತಡವಾಗಿ ಹೊರಟು ಅಪ್ಪರ್ ಟ್ರಾವರ್ಸ್ ಹಟ್‌ನ ಕಡೆಗೆ ಏರುತ್ತಿದ್ದಾಗ, ಬೇರೆ ದಿನವಾಗಿದ್ದರೆ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಬಹುದಾಗಿದ್ದ ಒಂದು ಹಳ್ಳ ಬೂದು ಬಣ್ಣಕ್ಕೆ ತಿರುಗಿ ಉಕ್ಕುತ್ತಿತ್ತು, ಮತ್ತು ನೀರಿನಡಿಯಲ್ಲಿ ಬಂಡೆಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದು ದಡದವರೆಗೂ ಕೇಳುತ್ತಿತ್ತು. ತೀರ್ಥಹಳ್ಳಿಯ ಕಡೆಯವನಾದ ನನಗೆ ಆ ಸದ್ದಿನ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಹಟ್ ಇನ್ನೊಂದು ಗಂಟೆಯ ದಾರಿ, ದಾಟಿಬಿಡೋಣ ಎಂದು ಭಾವಮೈದುನ ಅಂದ. ನಾನು ಒಪ್ಪಲಿಲ್ಲ.

ಹಳ್ಳದಿಂದ ಸಾಕಷ್ಟು ಮೇಲೆ, ಬೀಚ್ ಎಂಬ ಕಾಡುಮರಗಳ ನಡುವಿನ ಒಂದು ತಟ್ಟಿನಲ್ಲಿ, ತಲೆಯ ಮೇಲೆ ಒಣಕೊಂಬೆಗಳಿಲ್ಲವೆಂದು ನೋಡಿಕೊಂಡು ಟೆಂಟ್ ಹೂಡಿದೆವು. ಗ್ರೇಟ್ ವಾಕ್ ಎಂದು ಗುರುತಿಸಿದ ಹೆಸರುವಾಸಿ ದಾರಿಗಳಲ್ಲಿ ಹೀಗೆ ಬೇಕಾದಲ್ಲಿ ತಂಗುವಂತಿಲ್ಲ. ಈ ದಾರಿ ಆ ಪಟ್ಟಿಯಲ್ಲಿಲ್ಲ. ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಬಂದೆ. ಮಳೆ ನಿಂತ ಕೂಡಲೇ ಸ್ಯಾಂಡ್‌ಫ್ಲೈ ಎಂಬ ಕಚ್ಚುವ ಸಣ್ಣ ನೊಣಗಳು ಮುತ್ತಿದವು. ನಮ್ಮ ಇಂಬಳಕ್ಕೆ ಉಪ್ಪಾದರೂ ಹೆದರಿಕೆ. ಈ ನೊಣಗಳಿಗೆ ಮೈಮುಚ್ಚುವ ಬಟ್ಟೆಯೇ ಒಳ್ಳೆಯ ಮದ್ದು.

ಬೆಳಿಗ್ಗೆ ನೋಡಿದರೆ ಕೋಲಿನ ಬುಡದಿಂದ ನೀರು ಒಂದೂವರೆ ಮೊಳ ಕೆಳಗೆ ಇಳಿದಿತ್ತು, ತಳದ ಕಲ್ಲುಗಳು ಕಾಣುತ್ತಿದ್ದವು. ಕಡಿದಾದ ಕಣಿವೆಯ ಇಂಥ ಹಳ್ಳಗಳು ಎಷ್ಟು ಬೇಗ ಏರುತ್ತವೆಯೋ ಅಷ್ಟೇ ಬೇಗ ಇಳಿಯುತ್ತವೆ. ಕಾಯುವುದಕ್ಕೆ ಒಂದು ಸೂರು, ಒಂದು ಹೊತ್ತಿನ ಹೆಚ್ಚಿನ ಊಟ ಇದ್ದರೆ ಸಾಕು. ಭಾರದಲ್ಲಿ ಹೆಚ್ಚಿನವನಾದ ಅವನನ್ನು ಪ್ರವಾಹದ ಮೇಲ್ಭಾಗಕ್ಕೆ ನಿಲ್ಲಿಸಿ, ಒಬ್ಬರ ಚೀಲದ ಪಟ್ಟಿಯನ್ನು ಇನ್ನೊಬ್ಬರು ಹಿಡಿದು ದಾಟಿದೆವು.

ಮುಂದೆ 1787 ಮೀಟರ್ ಎತ್ತರದಲ್ಲಿ ಬೆಟ್ಟವನ್ನು ದಾಟುವ ಟ್ರಾವರ್ಸ್ ಸ್ಯಾಡಲ್ ಇದ್ದುದರಿಂದ ಆ ದಿನ ಅಪ್ಪರ್ ಟ್ರಾವರ್ಸ್‌ನಲ್ಲೇ ಉಳಿದು, ಹಟ್‌ನ ಜಗಲಿಯ ಮೇಲೆ ಒದ್ದೆ ಟೆಂಟನ್ನು ಹರವಿದೆವು. ಕೀಯಾ ಎಂಬ ಬೆಟ್ಟದ ಗಿಳಿ ಹೊರಗೆ ಬಿಟ್ಟ ಬೂಟನ್ನು ಕುಕ್ಕಿ ಹರಿಯುತ್ತದೆಂದು ಗೊತ್ತಿದ್ದರಿಂದ ಬೂಟುಗಳನ್ನು ಒಳಗಿಟ್ಟಿದ್ದೆ; ಟೆಂಟಿನ ನೆನಪಾಗಲಿಲ್ಲ. ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಒಂದು ಕೀಯಾ ಟೆಂಟಿನ ಎಳೆದಾರವೊಂದನ್ನು ಮೂರು ತುಂಡು ಮಾಡಿ, ಕಂಬಿಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ಆ ದಾರವನ್ನು ಈಗಲೂ ಗಂಟು ಹಾಕಿಯೇ ಬಳಸುತ್ತಿದ್ದೇನೆ.