ಗ್ಲಾಸ್ ಅಂಟಿಸುವ ಹೊತ್ತಿನಲ್ಲಿ: ಮೊಬೈಲ್ ಅಂಗಡಿಯಿಂದ ಆಪ್ ಹಂಚಿದ ನನ್ನ ಅನುಭವ

ಮೊಬೈಲ್ ಅಂಗಡಿಗಳ ಕೌಂಟರಿನಿಂದಲೇ ಆಪ್ ಹಂಚುತ್ತೇನೆ ಎಂದು 2021ರಲ್ಲಿ ನಾನು ಹೇಳಿದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ವಿಜಯಪುರದಲ್ಲೇ ಆಪ್ ಮಾಡುವ ಮಿತ್ರರೊಬ್ಬರಂತೂ "ಮೆಮರಿ ಕಾರ್ಡಿಗೆ ಹಾಡು ತುಂಬಿಸಿ ಕೊಡೂ ಕಾಲ ಮುಗದು ಹೋತಪ್ಪಾ" ಎಂದು ಎಲ್ಲರ ಎದುರಿಗೇ ಹೇಳಿದ್ದರು. ಈಗ ಅದೇ ಮಿತ್ರರು ಲೆಕ್ಕ ತೋರಿಸು ಎಂದು ಬೆನ್ನುಹತ್ತಿರುವುದರಿಂದ, ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

ನನ್ನ ಆಪ್ ದ್ರಾಕ್ಷಿ ಪಡದ (ತೋಟದ) ಹಾಜರಿ ಪುಸ್ತಕ. ಯಾವ ಟೋಳಿಯಿಂದ (ಕೂಲಿಗಾರರ ಗುಂಪಿನಿಂದ) ಎಷ್ಟು ಜನ ಬಂದರು, ಎಷ್ಟು ಮುಂಗಡ ಹೋಗಿದೆ, ಪಗಾರ ಎಷ್ಟು ಬಾಕಿ ಇದೆ ಎಂಬುದಷ್ಟೇ ಅದರಲ್ಲಿದೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ನಾಲ್ಕು ಎಂಬಿ ದಾಟುವುದಿಲ್ಲ.

ಫೋನ್ ಕಂಪನಿಗಳ ಆಮಿಷಕ್ಕೆ ಬಿದ್ದವರಲ್ಲಿ ನಾನೂ ಒಬ್ಬ. 2013ರ ಜನವರಿಯಲ್ಲಿ ಬ್ಲ್ಯಾಕ್‌ಬೆರಿ ಕಂಪನಿಯು ತನ್ನ ಹೊಸ ವ್ಯವಸ್ಥೆಗೆ ಆಪ್ ತಂದವರಿಗೆ ಒಂದಕ್ಕೆ 100 ಡಾಲರ್ ಕೊಡುತ್ತಿದ್ದಾಗ ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಒಂದು ಕ್ಯಾಲ್ಕ್ಯುಲೇಟರ್ ಮಾಡಿ ಕಳಿಸಿ ದುಡ್ಡು ಪಡೆದೆ, ಆ ಆಪ್ ಅನ್ನು ಒಬ್ಬನೂ ಬಳಸಿದ ನೆನಪಿಲ್ಲ. ಮುಂದೆ ಸ್ಯಾಮ್‌ಸಂಗ್‌ನ ಫೋನ್ ವ್ಯವಸ್ಥೆ ಟೈಜೆನ್ ಬಂತು. ಸ್ಯಾಮ್‌ಸಂಗ್ ಝಡ್1 ಎಂಬ ಟೈಜೆನ್ ಫೋನನ್ನು 2015ರ ಜನವರಿಯಲ್ಲಿ ಭಾರತದಲ್ಲೇ ಮೊದಲು 5,700 ರೂಪಾಯಿಗೆ ಬಿಡುಗಡೆ ಮಾಡಿದ್ದು ನಿಮಗೆ ನೆನಪಿರಬಹುದು. 2017ರಲ್ಲಿ ಆ ಕಂಪನಿಯು ಟೈಜೆನ್ ಆಪ್ ಅಂಗಡಿಯಲ್ಲಿ ಜನ ಅತಿ ಹೆಚ್ಚು ಇಳಿಸಿಕೊಂಡ ನೂರು ಆಪ್‌ಗಳಿಗೆ ತಿಂಗಳಿಗೆ ತಲಾ 10,000 ಡಾಲರ್ ಎಂದು ಘೋಷಿಸಿದಾಗ, ನಾನು ಎರಡು ತಿಂಗಳು ಬೇರೆ ಕೆಲಸ ಬಿಟ್ಟು ಹಾಜರಿ ಪುಸ್ತಕವನ್ನು ಅದಕ್ಕಾಗಿ ಮತ್ತೊಮ್ಮೆ ಬರೆದೆ. ನೂರರ ಹತ್ತಿರಕ್ಕೂ ಸುಳಿಯಲಿಲ್ಲ. ತಪ್ಪು ನನ್ನದೇ: ದ್ರಾಕ್ಷಿ ಬೆಳೆಗಾರರಲ್ಲಿ ಝಡ್ ಫೋನ್ ಇದ್ದವರು ನನಗೆ ಸಿಕ್ಕಿದ್ದು ಇಬ್ಬರೇ, ಅವರಲ್ಲಿ ಒಬ್ಬರು ನಮ್ಮ ಸೋದರಮಾವ.

ಅದೇ ವರ್ಷ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಬಂದಾಗ, ಹಳ್ಳಿಯ ಗಿರಾಕಿ ಕೈಗೆ ಸಿಕ್ಕೇಬಿಟ್ಟ ಎಂದುಕೊಂಡು ಅದರೊಳಗಿನ ವ್ಯವಸ್ಥೆಯಾದ ಕಾಯ್‌ಓಎಸ್‌ಗೂ ಆಪ್ ಬರೆದೆ. ಎರಡೂವರೆ ಇಂಚೂ ಇಲ್ಲದ ಪರದೆಯಲ್ಲಿ, ಅಂಕಿಯ ಗುಂಡಿ ಒತ್ತೊತ್ತಿ 'ಮಲ್ಲಿಕಾರ್ಜುನ' ಎಂದು ಬರೆಯಲು ನಮ್ಮ ತಂದೆಯವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅವರು ಫೋನನ್ನು ಕಟ್ಟೆಯ ಮೇಲಿಟ್ಟು ಹಳೆಯ ವಹಿಯನ್ನೇ ಕೈಗೆತ್ತಿಕೊಂಡರು. ಅಲ್ಲಿಗೆ ಆ ಯೋಜನೆ ಮುಗಿಯಿತು.

ಕೊನೆಯ ಪೆಟ್ಟು ಬೇರೊಂದು ಫೋನ್ ಕಂಪನಿಯ ಆಪ್ ಅಂಗಡಿಯಿಂದ ಬಂತು, ಹೆಸರು ಬೇಡ. ಬೆಂಗಳೂರಿನ ದೊಡ್ಡ ಹೋಟೆಲಿಗೆ ನಮ್ಮನ್ನು ಕರೆದು, ಊಟ ಹಾಕಿ, ಒಂದು ವಾರ ನಿಮ್ಮ ಆಪ್ ಅನ್ನು ಮೊದಲ ಪುಟದಲ್ಲಿ ಇಡುತ್ತೇವೆ ಎಂದರು. ಮಾತಿನಂತೆ ಇಟ್ಟರು ಕೂಡ. ಆ ವಾರ ಸುಮಾರು 22,000 ಡೌನ್‌ಲೋಡ್ ಆದಾಗ ಮನೆಯಲ್ಲಿ ಪೇಢೆ ಹಂಚಿದ್ದೆವು. ತಿಂಗಳ ನಂತರ ನೋಡಿದರೆ ಉಳಿದವರು ನೂರೈವತ್ತೂ ಇರಲಿಲ್ಲ. ಕನ್ನಡದ ಹಾಜರಿ ಪುಸ್ತಕವನ್ನು ಇಳಿಸಿಕೊಂಡವರಲ್ಲಿ ಹೆಚ್ಚಿನವರು ಉತ್ತರಪ್ರದೇಶ ಮತ್ತು ಬಿಹಾರದವರಾಗಿದ್ದರು. ಡೌನ್‌ಲೋಡ್ ಸಂಖ್ಯೆ ಕಂಪನಿಗೆ ಬೇಕಾದದ್ದು, ನನಗೆ ಬೇಕಾದದ್ದು ಸಂಜೆ ಏಳಕ್ಕೆ ಹಾಜರಿ ಬರೆಯುವ ರೈತ ಎಂಬುದು ಅಂದು ತಿಳಿಯಿತು.

ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ನನ್ನ ಫೋನಿಗೆ ಗ್ಲಾಸ್ ಹಾಕಿಸಲು ಕುಳಿತಿದ್ದಾಗ ಈ ಉಪಾಯ ಹೊಳೆಯಿತು. ನನ್ನ ಪಕ್ಕದ ಸ್ಟೂಲಿನಲ್ಲಿ ಹೊಸ ಫೋನ್ ಕೊಂಡ ತಿಕೋಟಾ ಕಡೆಯ ರೈತರೊಬ್ಬರಿದ್ದರು. ಕೌಂಟರಿನ ಹುಡುಗ ಅವರ ಹಳೆಯ ಫೋನಿನಿಂದ ನಂಬರುಗಳನ್ನು ಸಾಗಿಸಿ, ವಾಟ್ಸಾಪ್ ಏರಿಸಿ, ಮೊಮ್ಮಗಳ ಚಿತ್ರವನ್ನು ಪರದೆಗೆ ಹಾಕಿ, ಗ್ಲಾಸ್ ಒರೆಸಿ ಅಂಟಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಆ ಅರ್ಧ ಗಂಟೆ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ, ಹುಡುಗ ಹೇಳಿದ ಯಾವುದಕ್ಕೂ ಬೇಡ ಎನ್ನುವುದಿಲ್ಲ. ಅಂಗಡಿಯ ಮಾಲೀಕರನ್ನು ಮಾತನಾಡಿಸಿದೆ. "ಗಿರಾಕಿ ವಾಟ್ಸಾಪ್ ಕೇಳ್ತಾನ, ಯೂಟ್ಯೂಬ್ ಕೇಳ್ತಾನ, ನಿಮ್ಮ ಹಾಜರಿ ಯಾರ್ ಕೇಳ್ತಾರ್ರಿ ಸರ?" ಎಂದರು. ಒಂದು ಇನ್‌ಸ್ಟಾಲ್‌ಗೆ 20 ರೂಪಾಯಿ ಎಂದಾಗ ಒಪ್ಪಿದರು.

ಮೊದಲ ಹಂಗಾಮಿನಲ್ಲಿ ಹನ್ನೊಂದು ಅಂಗಡಿಗಳು ಸೇರಿದವು, ನಾನು ಮೋಸಹೋದೆ. ಮೂರು ಅಂಗಡಿಗಳಲ್ಲಿ ಪ್ರದರ್ಶನಕ್ಕೆ ಇಟ್ಟ ಫೋನುಗಳಲ್ಲೇ ಆಪ್ ಹಾಕಿ, ರಿಸೆಟ್ ಮಾಡಿ, ಮತ್ತೆ ಹಾಕುತ್ತಿದ್ದರು. ಗೊತ್ತಾಗುವಷ್ಟರಲ್ಲಿ ನಲವತ್ತು ಸಾವಿರದಷ್ಟು ಹೋಗಿತ್ತು, ಅದರಲ್ಲಿ ಹೆಂಡತಿಯ ಚೀಟಿ ಹಣವೂ ಇತ್ತು. ಆ ಮೇಲೆ ಇನ್‌ಸ್ಟಾಲ್‌ಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದು ನಿಯಮ ಮಾಡಿದೆ. ಗ್ಲಾಸ್ ಅಂಟಿಸುವ ಹಲಗೆಯ ಪಕ್ಕದ ಕ್ಯೂಆರ್ ಕೋಡಿನಿಂದ ಪ್ಲೇ ಸ್ಟೋರ್ ತೆರೆದು, ರೆಫರರ್ (ಗಿರಾಕಿ ಯಾವ ಕೋಡಿನಿಂದ ಬಂದನೆಂದು ತಿಳಿಸುವ ವ್ಯವಸ್ಥೆ) ಮೂಲಕ ಅಂಗಡಿಯ ಗುರುತು ನನಗೆ ತಲುಪಬೇಕು. ಹಾಗೆ ಬಂದ ರೈತರು ಹತ್ತು ಬೇರೆ ಬೇರೆ ದಿನಗಳ ಹಾಜರಿ ಬರೆದ ಮೇಲೆ ಅಂಗಡಿಗೆ 45 ರೂಪಾಯಿ. ಹತ್ತು ದಿನದ ಹಾಜರಿಯನ್ನೂ ಹುಡುಗರೇ ಬರೆದುಬಿಟ್ಟರೆ ಹೇಗೆ ಎಂದು ನೀವು ಕೇಳುತ್ತೀರಿ. ಅದನ್ನು ಹಿಡಿಯುವ ಉಪಾಯ ನನ್ನಲ್ಲಿದೆ, ಇಲ್ಲಿ ಬರೆಯುವುದಿಲ್ಲ.

ಎರಡು ಸಂಗತಿಗಳಿಂದ ಫಲಿತಾಂಶ ಬದಲಾಯಿತು. ಒಂದು, ಗಿರಾಕಿ ಸ್ಟೂಲಿನಿಂದ ಏಳುವ ಮೊದಲೇ ಟೋಳಿಯ ಮುಖ್ಯಸ್ಥನ ಹೆಸರು ಮತ್ತು ಇಂದಿನ ಪಗಾರವನ್ನು ಹುಡುಗ ಕೇಳಿ ಬರೆಯಬೇಕು. ಖಾಲಿ ಆಪ್ ಮನೆಗೆ ಹೋದರೆ ವಾರದಲ್ಲಿ ಅಳಿಸಿಹೋಗುತ್ತದೆ, ತನ್ನ ಹಣದ ಲೆಕ್ಕ ಇರುವ ಆಪ್ ಅನ್ನು ಯಾರೂ ಅಳಿಸುವುದಿಲ್ಲ. ಎರಡನೆಯದು, ಸಂಜೆ ಹಾಜರಿ ನೆನಪಿಸುವ ಗಂಟೆ. ಅಗ್ಗದ ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆಯು ಹಿಂದೆ ಓಡುವ ಆಪ್‌ಗಳನ್ನು ನಿಲ್ಲಿಸುವುದರಿಂದ ಈ ಗಂಟೆ ಹೊಡೆಯುತ್ತಲೇ ಇರಲಿಲ್ಲ. ನಾನು ಕೋಡಿನಲ್ಲಿ ಆರು ತಿಂಗಳು ಗುದ್ದಾಡಿದ ಈ ತೊಡಕನ್ನು ಕೌಂಟರಿನ ಹುಡುಗ ಸೆಟ್ಟಿಂಗ್ಸ್‌ಗೆ ಹೋಗಿ, ಆಟೋಸ್ಟಾರ್ಟ್ ಹಚ್ಚಿ, ಬ್ಯಾಟರಿ ನಿರ್ಬಂಧ ತೆಗೆದು ಹತ್ತು ಸೆಕೆಂಡಿನಲ್ಲಿ ಮುಗಿಸಿದ.

ಹಂಗಾಮೂ ಕೂಡಿಬಂತು. ಫೋನ್ ಕಂಪನಿಗಳು ದಸರಾ, ದೀಪಾವಳಿಗೆ ಕೊಡುಗೆ ಸುರಿಯುವ ದಿನಗಳಲ್ಲೇ ನಮ್ಮಲ್ಲಿ ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ನಡೆಯುತ್ತದೆ, ಟೋಳಿಗಳು ಪಡಕ್ಕೆ ಇಳಿಯುತ್ತವೆ. ಹೊಸ ಫೋನ್ ಮತ್ತು ಹೊಸ ಹಾಜರಿ ಒಂದೇ ವಾರದಲ್ಲಿ ಶುರುವಾಗುತ್ತವೆ. ಮಣೂಕದ (ಒಣದ್ರಾಕ್ಷಿಯ) ಹಣ ಕೈಗೆ ಬಂದ ಬೇಸಿಗೆಯಲ್ಲಿ ಇನ್ನೊಂದು ಸಣ್ಣ ಏರಿಕೆ ಕಾಣುತ್ತದೆ. ಕಂಪನಿಗಳ ಜಾಹೀರಾತಿನ ಖರ್ಚಿನಲ್ಲಿ ನನ್ನ ಗಿರಾಕಿ ಅಂಗಡಿಗೆ ಬರುತ್ತಾನೆ ಎಂದು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಈ ಉತ್ಸಾಹದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮಳಿಗೆಯನ್ನೂ ಹಾಕಿದೆ. ಖರ್ಚು ಹದಿನೆಂಟು ಸಾವಿರ, ಇನ್‌ಸ್ಟಾಲ್ ಮುನ್ನೂರರಷ್ಟು, ಮುಂದೆ ಉಳಿದವರು ಹನ್ನೊಂದು ಜನ. ಜಾತ್ರೆಯಲ್ಲಿ ನಿಂತು ಪಗಾರದ ಲೆಕ್ಕ ಬರೆಯುವ ಮನಸ್ಸು ಯಾರಿಗಿರುತ್ತದೆ! 2024ರ ಫೆಬ್ರುವರಿಯಲ್ಲಿ ಫೋನ್‌ಪೇಯ ಇಂಡಸ್ ಆಪ್‌ಸ್ಟೋರ್ ಬಂದಾಗ, ಮೊದಲ ವರ್ಷ ಶುಲ್ಕವಿಲ್ಲ ಎಂದದ್ದಕ್ಕೆ ಅಲ್ಲೂ ಕನ್ನಡದಲ್ಲೇ ವಿವರ ಬರೆದು ಇಟ್ಟಿದ್ದೇನೆ. ಬಂದಷ್ಟು ಬರಲಿ, ಕೌಂಟರಿಗೆ ಅದು ಬದಲಿ ಅಲ್ಲ.

ಇನ್ನು ಹಣ. ನಿಯಮ ಬದಲಿಸಿದ ಮೇಲಿನ ಮೊದಲ ಪೂರ್ಣ ವರ್ಷದಲ್ಲಿ ಮೂವತ್ತೆಂಟು ಅಂಗಡಿಗಳಿಂದ ಹತ್ತು ದಿನ ದಾಟಿದವರು ಸುಮಾರು ಆರು ಸಾವಿರ. ಆಪ್ ಬಳಸಲು ವರ್ಷಕ್ಕೆ 299 ರೂಪಾಯಿ ಚಂದಾ ಕೊಟ್ಟವರು ಸಾವಿರದ ಒಂಬೈನೂರರ ಆಸುಪಾಸು, ಅಂದರೆ ಐದೂಮುಕ್ಕಾಲು ಲಕ್ಷಕ್ಕೆ ತುಸು ಕಡಿಮೆ. ಅದರಲ್ಲಿ ಗೂಗಲ್‌ನ ಶೇ. 15 ಕಮಿಷನ್ ಮತ್ತು ಅಂಗಡಿಗಳ ಎರಡೂಮುಕ್ಕಾಲು ಲಕ್ಷ ಕಳೆದರೆ ಕೈಯಲ್ಲಿ ಉಳಿದದ್ದು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಕಡಿಮೆ ಎನಿಸಬಹುದು, ಆದರೆ ಮರುವರ್ಷ ನವೀಕರಿಸಿದ ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಂಗಡಿಗೆ ಕೊಡುವುದು ಏನೂ ಇರಲಿಲ್ಲ. ನವೀಕರಣದ ಸಂದೇಶವನ್ನು ಯಾವ ವಾರ ಕಳಿಸಿದರೆ ಹಣ ಬರುತ್ತದೆ ಎಂಬುದೂ ಗೊತ್ತಾಗಿದೆ, ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ.

ಈ ಬಾರಿ ಚಾಟ್ನಿಗೆ ಮೊದಲೇ ತಿಕೋಟಾದ ಇಬ್ಬರು ಅಂಗಡಿಯವರು 45 ಸಾಲದು, 60 ಕೊಡಿ ಎಂದು ಪಟ್ಟು ಹಿಡಿದಿದ್ದರು. 50ಕ್ಕೆ ಒಪ್ಪಿಸಿ, ಹೊಸ ಕ್ಯೂಆರ್ ಕಾರ್ಡುಗಳನ್ನು ಗ್ಲಾಸ್ ಹಲಗೆಯ ಪಕ್ಕದಲ್ಲಿ ನನ್ನ ಕೈಯಾರೆ ಅಂಟಿಸಿ ಬಂದಿದ್ದೇನೆ.