ಮೈದಾನದಲ್ಲೇ ತೆರೆಯುವ ಡಬ್ಬಿ: ನನ್ನ ಅನುಭವ

ಎರಡು ವರ್ಷದ ಹಿಂದೆ ಅಭ್ಯಾಸದ ಅವಧಿಯಲ್ಲಿ ಹದಿನೈದು ನಿಮಿಷ ಕತ್ತರಿಸಿ ಮಕ್ಕಳನ್ನು ತಿನ್ನಲು ಕೂರಿಸಿದಾಗ ಜೊತೆಯ ಕೋಚ್‌ಗಳು ನಕ್ಕಿದ್ದರು. "ನೀವು ಓಟ ಕಲಿಸುತ್ತೀರೋ, ವನಭೋಜನ ನಡೆಸುತ್ತೀರೋ?" ಎಂದು ಒಬ್ಬರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಈಗ ಅದೇ ಮಹಾಶಯರು ನಮ್ಮ ತಿಂಡಿ ಡಬ್ಬಿಯ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಳಿ ಇರುವವರು ಸುಮಾರು 25 ಮಂದಿ, 13ರಿಂದ 17 ವರ್ಷದವರು, ಹೆಚ್ಚಿನವರು 800 ಮತ್ತು 1500 ಮೀಟರ್‌ ಓಟಗಾರರು. ಮೊದಲು ನಾನೂ ಎಲ್ಲರಂತೆ ಆಹಾರದ ಬಗ್ಗೆ ಪಾಠ ಮಾಡಿದೆ. ಬಣ್ಣದ ಚಾರ್ಟು, ತಟ್ಟೆಯ ಚಿತ್ರ, ಕೊನೆಗೊಂದು ಪರೀಕ್ಷೆ. ಹತ್ತಕ್ಕೆ ಒಂಬತ್ತು ಅಂಕ ಪಡೆದ ಹುಡುಗ ಮರುದಿನ ಖಾಲಿ ಹೊಟ್ಟೆಯಲ್ಲಿ ಬಂದು ಮೂರನೇ ಸುತ್ತಿಗೇ ಕುಸಿದು ಕುಳಿತ. ಊಟದ ಡೈರಿ ಬರೆಸಿದೆ. ಒಬ್ಬಳು ಇನ್ನೊಬ್ಬಳದನ್ನು ನಕಲು ಮಾಡಿದ್ದಳು. ಜ್ವರದಲ್ಲಿ ಮಲಗಿದ್ದ ದಿನವೂ ಆಕೆ ಮೂರು ಮೊಟ್ಟೆ ತಿಂದಿದ್ದಳು!

ದುಡ್ಡು ಹೋದದ್ದು ಪ್ರೋಟೀನ್ ಪುಡಿಗೆ. ಕೂಟಗಳ ಪ್ರಯಾಣಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಮೂರನೇ ಒಂದು ಭಾಗ ಅದಕ್ಕೆ ಸುರಿದೆ. ಅರ್ಧ ಮಕ್ಕಳಿಗೆ ರುಚಿಸಲಿಲ್ಲ, ಉಳಿದವರು ಅದನ್ನು ಕುಡಿದು ಮನೆಯ ಊಟ ಬಿಟ್ಟರು. ಆಮೇಲೆ ಕುಳಿತು ಲೆಕ್ಕ ಹಾಕಿದೆ: ಅಭ್ಯಾಸದ ನಂತರ ಮೈತೂಕದ ಕಿಲೋಗೆ 0.3 ಗ್ರಾಂ, ಅಂದರೆ 50 ಕಿಲೋ ಹುಡುಗನಿಗೆ 15 ಗ್ರಾಂ ಪ್ರೋಟೀನ್ ಸಾಕು. ಎರಡು ಮೊಟ್ಟೆ, ಒಂದು ಲೋಟ ಹಾಲಿನಲ್ಲಿ ಅದು ಮುಗಿಯಿತು. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ, ಡಬ್ಬದ ಮೇಲಿನ ಚಿತ್ರಕ್ಕೆ ಮರುಳಾಗಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ತೂಕದ ಯಂತ್ರ. ವಾರಕ್ಕೊಮ್ಮೆ ತೂಗಿ ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಯುತ್ತಿದ್ದೆ. ಒಬ್ಬ ಹುಡುಗಿ ಒಂದೂವರೆ ತಿಂಗಳಲ್ಲಿ ಮೂರು ಕಿಲೋ ಇಳಿದಳು, ನಾನು ಶಹಬ್ಬಾಸ್ ಎಂದೆ. ಮುಂದೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬಿರುಕು. ಮುಟ್ಟು ನಿಂತು ತಿಂಗಳುಗಳಾಗಿದ್ದನ್ನು ಅವಳು ಹೇಳಿದ್ದು ವೈದ್ಯರ ಮುಂದೆ. ತಿನ್ನುವುದು ಕಡಿಮೆ, ದುಡಿಸುವುದು ಹೆಚ್ಚಾದಾಗ ಆಗುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ RED-S ಎಂದು ಹೆಸರಿಟ್ಟಿದೆ. ಆ ಹೆಸರು ನನಗೆ ಬಾಯಿಪಾಠವಿತ್ತು, ಎದುರಿಗಿದ್ದ ಹುಡುಗಿ ಕಾಣಿಸಲಿಲ್ಲ. ಯಂತ್ರವನ್ನು ಅಂದೇ ಬೀರುವಿಗೆ ಹಾಕಿದೆ.

ಕೊನೆಗೆ ಕೈಹಿಡಿದದ್ದು ಡಬ್ಬಿ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಅಲ್ಲೇ ತಿನ್ನಬೇಕು, ತಿನ್ನದೆ ಯಾರೂ ಮನೆಗೆ ಹೋಗುವಂತಿಲ್ಲ. ಬಾಳೆಹಣ್ಣು, ಬ್ರೆಡ್, ಬೇಯಿಸಿದ ಮೊಟ್ಟೆ, ಮೊಸರು, ಕಾಳು, ಯಾರು ಏನು ತಂದರೂ ಒಂದೇ ದೊಡ್ಡ ತಟ್ಟೆಗೆ ಸುರಿಯುತ್ತೇವೆ. ತಾರದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಕೊರತೆ ಬಿದ್ದದ್ದನ್ನು ನಾನು ತುಂಬುತ್ತೇನೆ. ಒಂದು ತಿಂಗಳ ಪುಡಿಯ ದುಡ್ಡಿನಲ್ಲಿ ಹೆಚ್ಚುಕಡಿಮೆ ಎರಡೂವರೆ ತಿಂಗಳು ತಟ್ಟೆ ನಡೆಯುತ್ತದೆ. ಬಡಿಸುವವರು ಹಿರಿಯ ಓಟಗಾರರು. ನಾನು ಬಾಯಿ ಬಿಡುವುದಿಲ್ಲ, ಅವರೇ ಕೇಳುತ್ತಾರೆ. "ಸರ್, ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸೇರುವುದಿಲ್ಲವಂತೆ, ಹೌದೇ?" ಎಂದ ದಿನ ಎರಡು ನಿಮಿಷ ಪಾಠ: ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ, ಚಹಾ ಬಿಟ್ಟು ಕಿತ್ತಳೆ ತಿನ್ನಿ, ಹೆಚ್ಚು ಸೇರುತ್ತದೆ. ಅಷ್ಟೇ.

ನಡುವೆ ಪಾನಕದ ಹುಚ್ಚೂ ಹಿಡಿದಿತ್ತು. ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಮೊದಲ ಸಲ ಚಿಟಿಕೆಯ ಬದಲು ಚಮಚವೇ ಬಿದ್ದು, ಅಷ್ಟನ್ನೂ ಮಕ್ಕಳು ಮೈದಾನದಂಚಿನ ಗಿಡಕ್ಕೆ ಸುರಿದರು. ಗಿಡವೂ ಬಾಡಿತು. ಒಂದು ಗಂಟೆಯೊಳಗಿನ ಅಭ್ಯಾಸಕ್ಕೆ ಬರಿಯ ನೀರೇ ಸಾಕೆಂದು ಈಗ ಸುಮ್ಮನಾಗಿದ್ದೇನೆ.

ಮೊದಲು ಒಂದು ಋತುವಿನಲ್ಲಿ ಏಳೆಂಟು ಮಂದಿ ಕಾಲುನೋವೆಂದು ಕೂರುತ್ತಿದ್ದರು, ಈ ಸಲ ಇಬ್ಬರೋ ಮೂವರೋ. 1500ರ ಕೊನೆಯ ಸುತ್ತಿನಲ್ಲಿ ಕಾಲೆಳೆಯುತ್ತಿದ್ದವರು ಈಗ ಎದುರಾಳಿಗಳನ್ನು ಹಿಂದೆ ಹಾಕುತ್ತಿದ್ದಾರೆ. ಮಕ್ಕಳು ಬೆಳೆದಿದ್ದಾರೆ ಕೂಡ. ಎಲ್ಲ ಶ್ರೇಯವನ್ನೂ ಡಬ್ಬಿಗೇ ಕೊಡುವಷ್ಟು ಪೆದ್ದ ನಾನಲ್ಲ.

ಬೆಳಗಿನ ಐದೂವರೆಗೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ ಎನ್ನುತ್ತಿದ್ದ ಆರು ಮಂದಿಯನ್ನು ದಾರಿಗೆ ತಂದದ್ದು ಹೇಗೆಂದು ಮಾತ್ರ ಬರೆಯುವುದಿಲ್ಲ. ಮುಂದಿನ ಕೂಟ ಮುಗಿಯುವವರೆಗಾದರೂ ಅದು ನನ್ನ ಬಳಿಯೇ ಇರಲಿ.